ಎತ್ತಿನ ಮೈಮೇಲೆ ಬಣ್ಣವೆಷ್ಟು?

ಕಾರಹುಣ್ಣಿಮೆಯ ದಿನ ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಣ ಯಾವ ಹಳ್ಳಿಗೆ ಹೋದರೂ ಎತ್ತುಗಳು ಬಣ್ಣ ಹೊತ್ತು ನಿಂತಿರುವುದನ್ನು ಕಾಣಬಹುದು. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಬೆನ್ನಿಗೆ ಜೂಲು ಹೊದಿಸಿ, ಉಳಿದ ಮೈಮೇಲೆ ಚುಕ್ಕೆಗಳನ್ನೂ ಕೈಯಚ್ಚುಗಳನ್ನೂ ಮೂಡಿಸುವುದು ನಮ್ಮವರ ಪದ್ಧತಿ. ಸಂಜೆ ಕರಿ ಹರಿಯುವ ಹೊತ್ತಿಗೆ ಅಗಸೆಯ ಬಳಿ ನೆರೆದವರು, ಇವರ ಎತ್ತಿಗೆ ಮೈತುಂಬ ಬಣ್ಣವೆಂದೂ ಅವರದಕ್ಕೆ ಅರ್ಧ ಮೈಗೂ ಸಾಲದೆಂದೂ ಮಾತನಾಡಿಕೊಳ್ಳುವರು. ಇದು ಕಣ್ಣಳತೆ. ಅಲ್ಲಿ ಇದಕ್ಕೆ ಯಾರ ತಕರಾರೂ ಇಲ್ಲ. ಆದರೆ ಗಣಕಯಂತ್ರದ ಪರದೆಯ ಮೇಲಿನ ಪ್ರಾಣಿಗೆ ಯಾರಾದರೂ ಅಲಂಕಾರ ಬರೆದಾಗ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಎಣಿಕೆಯಿಲ್ಲದೆ ತೀರ್ಮಾನವಾಗುವುದಿಲ್ಲ. ಆ ಎಣಿಕೆಯ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಪರದೆಯ ಸಾಕುಪ್ರಾಣಿ ಎಂದರೆ ನಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮೇವಿಲ್ಲ, ನೀರಿಲ್ಲ, ಸಗಣಿ ಬಾಚುವ ಕೆಲಸವಿಲ್ಲ, ಇದೆಂತಹ ಸಾಕಣೆ ಎಂದು ಅವರು ಕೇಳಬಹುದು. ೧೯೯೬ರಲ್ಲಿ ಜಪಾನಿನ ಬಂದಾಯಿ ಸಂಸ್ಥೆಯು ತಮಗೋಚಿ ಎಂಬ ಅಂಗೈಯಗಲದ ಆಟಿಕೆಯನ್ನು ಮಾರುಕಟ್ಟೆಗೆ ತಂದಂದಿನಿಂದ ಈ ಸಾಕಣೆ ಲೋಕಪ್ರಸಿದ್ಧವಾಯಿತು. ಮುಂದೆ ಅಂತರ್ಜಾಲದಲ್ಲಿ ಇಂತಹ ಆಟಗಳು ಹಲವು ಹುಟ್ಟಿದವು. ೨೦೧೩ರಲ್ಲಿ ಆರಂಭವಾದ ಫ್ಲೈಟ್ ರೈಸಿಂಗ್ ಎಂಬುದರಲ್ಲಿ ಆಟಗಾರರೇ ತಮ್ಮ ಡ್ರ್ಯಾಗನ್‌ಗಳಿಗೆ ಅಲಂಕಾರ ಬರೆಯಬಹುದು. ಮೈಯ ನೂರಕ್ಕೆ ಮೂವತ್ತರಷ್ಟನ್ನು ಮೀರದ ಅಲಂಕಾರಕ್ಕೆ ಒಂದು ಹೆಸರು, ಮೀರಿದ್ದಕ್ಕೆ ಇನ್ನೊಂದು. ಈ ಭೇದಕ್ಕೆ ಅರ್ಥವಿಲ್ಲದೆ ಇಲ್ಲ. ಅಲಂಕಾರ ಹಗುರವಾಗಿದ್ದರೆ ಪ್ರಾಣಿಯ ಸ್ವಂತ ಬಣ್ಣ ಕೆಳಗಿನಿಂದ ಕಾಣುತ್ತದೆ. ಬಿಳಿಯ ಪ್ರಾಣಿಗೂ ಕರಿಯ ಪ್ರಾಣಿಗೂ ಅದೇ ಚಿತ್ರವನ್ನು ತೊಡಿಸಬಹುದು. ದಟ್ಟವಾದರೆ ಪ್ರಾಣಿಯೇ ಮುಚ್ಚಿಹೋಗುವುದು.

ನನ್ನ ವಿದ್ಯಾರ್ಥಿನಿಲಯದ ಮಿತ್ರನೊಬ್ಬನು ಇಂತಹ ಅಲಂಕಾರಗಳನ್ನು ಬರೆದು ಕೊಡುತ್ತಾನೆ. ಕಳೆದ ವರ್ಷ ಪರಊರಿನ ಗಿರಾಕಿಯೊಬ್ಬನಿಗಾಗಿ ಅವನು ಎತ್ತಿನಂತಹ ಪ್ರಾಣಿಯೊಂದಕ್ಕೆ ನಮ್ಮ ಕಾರಹುಣ್ಣಿಮೆಯ ಸಿಂಗಾರವನ್ನೇ ತೊಡಿಸಿದ. ಕೋಡಿಗೆ ಕೆಂಪು ಹಸಿರು, ಬೆನ್ನಿಗೆ ಜೂಲು, ಗಂಗೆದೊಗಲಿನ ಮೇಲೆ ಅರಿಸಿನದ ತೆಳುಛಾಯೆ. ಒಪ್ಪಂದ ನೂರಕ್ಕೆ ಮೂವತ್ತು. ಚಿತ್ರ ನೋಡಿದ ಗಿರಾಕಿಯು "ಇದು ಹೆಚ್ಚಾಗಿದೆ" ಎಂದು ಹಣ ತಡೆದ. ಮಿತ್ರನು "ಹೆಚ್ಚಾಗಿಲ್ಲ" ಎಂದ. ಆ ಹಣದಿಂದಲೇ ಅವನು ಪರೀಕ್ಷಾ ಶುಲ್ಕ ಕಟ್ಟಬೇಕಾಗಿತ್ತು. ಆದುದರಿಂದ ಮಾತು ಕಣ್ಣಳತೆಯಲ್ಲಿ ನಿಲ್ಲುವಂತಿರಲಿಲ್ಲ.

ಇಲ್ಲಿ ಕಣ್ಣು ಏಕೆ ಮೋಸಹೋಗುತ್ತದೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಕಪ್ಪು ನೆಲದ ಮೇಲಣ ಬಿಳಿಯ ಚುಕ್ಕೆಯು ಬಿಳಿಯ ನೆಲದ ಮೇಲಣ ಅಷ್ಟೇ ಅಳತೆಯ ಕಪ್ಪು ಚುಕ್ಕೆಗಿಂತ ದೊಡ್ಡದಾಗಿ ತೋರುತ್ತದೆ. ಕೆಂಪು ಹಳದಿಯಂತಹ ಕಡು ಬಣ್ಣಗಳು ಮೊದಲು ಕಣ್ಣಿಗೆ ಬೀಳುವುದರಿಂದ ಇರುವುದಕ್ಕಿಂತ ಹೆಚ್ಚು ಜಾಗ ಹಿಡಿದಂತೆ ಭಾಸವಾಗುತ್ತವೆ. ಚದುರಿದ ಸಣ್ಣ ಚುಕ್ಕೆಗಳನ್ನು ಕೂಡಿಸಿ ನೋಡುವ ಶಕ್ತಿಯಂತೂ ನಮ್ಮ ಕಣ್ಣಿಗೆ ಬಹಳ ಕಡಿಮೆ.

ಎಣಿಕೆಯ ತತ್ತ್ವ ಹೊಸದೇನಲ್ಲ. ಪ್ರೌಢಶಾಲೆಯಲ್ಲಿ ನಾವೆಲ್ಲರೂ ಎಲೆಯನ್ನು ಗ್ರಾಫ್ ಕಾಗದದ ಮೇಲಿಟ್ಟು, ಅಂಚಿನ ಗೆರೆ ಎಳೆದು, ಒಳಗಿನ ಚೌಕಗಳನ್ನೆಣಿಸಿ ಅದರ ವಿಸ್ತೀರ್ಣ ಕಂಡುಹಿಡಿದಿದ್ದೇವೆ. ಅರ್ಧಕ್ಕಿಂತ ಹೆಚ್ಚು ತುಂಬಿದ ಚೌಕವನ್ನು ಒಂದೆಂದು ಹಿಡಿದು, ಕಡಿಮೆ ತುಂಬಿದ್ದನ್ನು ಬಿಡುವುದು ಅಲ್ಲಿಯ ನಿಯಮ. ಗಣಕಯಂತ್ರದ ಚಿತ್ರವೂ ಇಂತಹ ಚೌಕಗಳ ಕಾಗದವೇ. ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಅಡ್ಡ ೩೫೦, ಉದ್ದ ೩೫೦ ಪಿಕ್ಸೆಲಿನ ಹಾಳೆಯಲ್ಲಿ ಒಟ್ಟು ೧,೨೨,೫೦೦ ಚೌಕಗಳಿರುತ್ತವೆ. ಅವನ್ನು ಬೆರಳಿಟ್ಟು ಎಣಿಸಬೇಕಾಗಿಲ್ಲ, ಯಂತ್ರವೇ ಎಣಿಸಿಕೊಡುತ್ತದೆ.

ಇದಕ್ಕೆ ನಾವು ಬಳಸಿದ್ದು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ. ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ತಮ್ಮ ತರಗತಿಯ ಕೆಲಸವಾಗಿ ಇದನ್ನು ಆರಂಭಿಸಿದರು. ೧೯೯೬ರಲ್ಲಿ ಸಾರ್ವಜನಿಕರಿಗೆ ಬಿಟ್ಟರು. ಬೆಲೆಯಿಲ್ಲದೆ ದೊರೆಯುವ ವಸ್ತುವಾದುದರಿಂದ ನಮ್ಮಂತಹವರಿಗೆ ಇದು ಅನುಕೂಲ.

ಕೆಲಸ ಮೊದಲಾಗುವುದು ಪದರಗಳಿಂದ. ಪ್ರಾಣಿಯ ಮೈ ಒಂದು ಪದರದಲ್ಲಿಯೂ ಅಲಂಕಾರ ಬೇರೊಂದರಲ್ಲಿಯೂ ಇರಬೇಕು. ಎರಡೂ ಬೆರೆತುಹೋಗಿದ್ದರೆ ಎಣಿಕೆ ಕಷ್ಟ. ಅಲಂಕಾರದ ಪದರದ ಪ್ರತಿಯೊಂದನ್ನು ಮಾಡಿಕೊಂಡು, ಮೈಯ ಗೆರೆಯಿಂದ ಹೊರಗೆ ಚೆಲ್ಲಿದ ಬಣ್ಣವನ್ನು ಮೊದಲು ಅಳಿಸಬೇಕು. ಗಾಳಿಯಲ್ಲಿರುವ ಬಣ್ಣ ಮೈಮೇಲಿನ ಬಣ್ಣವಲ್ಲ. ಅನಂತರ ಹಿಸ್ಟೋಗ್ರಾಮ್ ಎಂಬ ಕಿಟಕಿಯನ್ನು ತೆರೆದು, ಅಲ್ಲಿ ಆಲ್ಫಾ ಎಂಬುದನ್ನು ಆರಿಸಬೇಕು. ಆಲ್ಫಾ ಎಂದರೆ ಬಣ್ಣ ಎಷ್ಟು ಗಟ್ಟಿಯೆಂಬುದರ ಅಂಕಿ: ಏನೂ ಇಲ್ಲದ ಚೌಕಕ್ಕೆ ೦, ಪೂರ್ತಿ ಮುಚ್ಚಿದ್ದಕ್ಕೆ ೨೫೫. ಕೆಳಗಿನ ಮಿತಿಯನ್ನು ೧ಕ್ಕೂ ಮೇಲಿನದನ್ನು ೨೫೫ಕ್ಕೂ ಇಟ್ಟರೆ ಬಣ್ಣ ತಾಗಿದ ಚೌಕಗಳ ಸಂಖ್ಯೆ ತಾನಾಗಿಯೇ ಬರುತ್ತದೆ. ಮೈಯ ಪದರಕ್ಕೂ ಹೀಗೆಯೇ ಮಾಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಗಿಯಿತು. ಫೋಟೋಶಾಪ್ ಬಳಸುವವರು ಒಂದು ಎಚ್ಚರ ವಹಿಸಬೇಕು. ಅದು ಕೆಲವೊಮ್ಮೆ ವೇಗಕ್ಕಾಗಿ ಅಂದಾಜಿನ ಲೆಕ್ಕ ಕೊಡುತ್ತದೆ. ಹಿಸ್ಟೋಗ್ರಾಮಿನ ಮೂಲೆಯಲ್ಲಿ ಎಚ್ಚರಿಕೆಯ ತ್ರಿಕೋನ ಕಂಡರೆ ಅದನ್ನು ಒತ್ತಿ ಹೊಸದಾಗಿ ಎಣಿಸಿಕೊಳ್ಳಬೇಕು.

ಮಿತ್ರನ ಚಿತ್ರದ ಅಂಕಿಗಳನ್ನು ಸುಲಭಕ್ಕಾಗಿ ದುಂಡಾಗಿಸಿ ಹೇಳುತ್ತೇನೆ. ಮೈ ೪೮,೦೦೦ ಪಿಕ್ಸೆಲ್, ಬಣ್ಣ ತಾಗಿದ್ದು ೧೫,೬೦೦. ಎಂದರೆ ನೂರಕ್ಕೆ ೩೨.೫. ಇಡೀ ಹಾಳೆಗೆ ಹೋಲಿಸಿದರೆ ಇದೇ ಬಣ್ಣ ನೂರಕ್ಕೆ ೧೩ರಷ್ಟೂ ಆಗುವುದಿಲ್ಲ. ಯಾವುದರಲ್ಲಿ ಎಷ್ಟು ಎಂದು ಹೇಳದೆ ಬರಿಯ ಶೇಕಡಾ ಹೇಳುವವರನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಊರಿಗೆ ಹೋದಾಗ ಈ ಲೆಕ್ಕವನ್ನು ನಮ್ಮ ಅಪ್ಪನಿಗೆ ಹೇಳಿದೆ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಶೇಕಡಾ ಎಂದರೆ ಅವನಿಗೆ ಹಿಡಿಸದು. ಎಕರೆಗೆ ನಲವತ್ತು ಗುಂಟೆಯಲ್ಲವೇ, ಎತ್ತಿನ ಮೈ ಒಂದು ಎಕರೆ ಎಂದುಕೊ, ಹನ್ನೆರಡು ಗುಂಟೆ ಬಿತ್ತಲು ಮಾತಾಗಿತ್ತು, ಹದಿಮೂರು ಗುಂಟೆ ಬಿತ್ತಿದ್ದಾನೆ ಎಂದೆ. ಕೂಡಲೇ ತಿಳಿಯಿತು. "ಅಂದ್ರ ಒಂದು ಗುಂಟೆದ ಜಗಳ ಏನು? ಹೊಲದಾಗ ಅದಕ್ಕ ಕೋರ್ಟಿಗೆ ಹೋದವರದಾರ" ಎಂದ. ಮತ್ತೆ ಸ್ವಲ್ಪ ತಡೆದು, "ಎತ್ತಿನ ಆಚೀ ಮಗ್ಗಲು ಯಾರ ಲೆಕ್ಕಕ್ಕ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಚಿತ್ರದಲ್ಲಿ ಕಾಣುವ ಮಗ್ಗಲು ಮಾತ್ರ ಲೆಕ್ಕಕ್ಕೆ ಬರುವುದು. ಕಾಣದ ಮಗ್ಗಲಿಗೆ ಪಿಕ್ಸೆಲ್ ಇಲ್ಲ.

ಹಾಗಾದರೆ ಗಿರಾಕಿಯ ಮಾತೇ ಸರಿಯೋ? ಅಷ್ಟು ಸರಳವಲ್ಲ. ಗಂಗೆದೊಗಲಿನ ಅರಿಸಿನ ಛಾಯೆಯು ಗಟ್ಟಿ ಬಣ್ಣವಾಗಿರಲಿಲ್ಲ. ೧೫,೬೦೦ರಲ್ಲಿ ೪,೦೦೦ ಚೌಕಗಳು ಅರ್ಧ ಪಾರದರ್ಶಕವಾಗಿದ್ದವು. ಕೆಳಗಿನ ಮೈ ಅವುಗಳೊಳಗಿಂದ ಕಾಣುತ್ತಿತ್ತು. ಅಂತಹ ಚೌಕವನ್ನು ಅರ್ಧವೆಂದು ಹಿಡಿದರೆ ೧೧,೬೦೦ಕ್ಕೆ ೨,೦೦೦ ಸೇರಿ ೧೩,೬೦೦; ನೂರಕ್ಕೆ ೨೮.೩. ಹಿಸ್ಟೋಗ್ರಾಮಿನಲ್ಲಿ ಮಿತಿಗಳನ್ನು ೦ ಮತ್ತು ೨೫೫ಕ್ಕೆ ಇಟ್ಟು, ಆಲ್ಫಾದ ಸರಾಸರಿಯನ್ನು ಒಟ್ಟು ಪಿಕ್ಸೆಲಿನಿಂದ ಗುಣಿಸಿ ೨೫೫ರಿಂದ ಭಾಗಿಸಿದರೆ ಈ ತೂಕದ ಲೆಕ್ಕ ದೊರೆಯುತ್ತದೆ. ಒಂದೇ ಚಿತ್ರ, ಒಂದೇ ಯಂತ್ರ. ಒಂದು ನಿಯಮದಲ್ಲಿ ಮೂವತ್ತನ್ನು ಮೀರಿತು, ಇನ್ನೊಂದರಲ್ಲಿ ಮೀರಲಿಲ್ಲ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ತಾಗಿದ್ದನ್ನೆಲ್ಲ ಎಣಿಸಬೇಕೋ ಮುಚ್ಚಿದ್ದನ್ನು ಮಾತ್ರವೋ ಎಂಬುದನ್ನು ಮೊದಲೇ ಬರೆದುಕೊಂಡಿರಲಿಲ್ಲ, ಅಷ್ಟೆ. ನನ್ನ ಮಟ್ಟಿಗೆ ತೂಕದ ಲೆಕ್ಕವೇ ನ್ಯಾಯವೆನಿಸುತ್ತದೆ, ಏಕೆಂದರೆ ಮಿತಿ ಇಟ್ಟಿರುವುದೇ ಮೈ ಕಾಣಲೆಂದು. ಆದರೆ ತಾಗಿದ್ದನ್ನೆಲ್ಲ ಎಣಿಸುವುದರಲ್ಲಿ ವಾದಕ್ಕೆ ಎಡೆ ಕಡಿಮೆ.

ಗಿರಾಕಿ ಎರಡನೆಯದನ್ನೇ ಹಿಡಿದ. ಮಿತ್ರನು ೪೮,೦೦೦ದ ಮೂವತ್ತು ಪಾಲು ೧೪,೪೦೦ ಎಂದು ಲೆಕ್ಕಹಾಕಿ, ಕೊರಳಿನ ಕೆಳಗಿನ ಛಾಯೆಯಲ್ಲಿ ೧,೨೦೦ ಚೌಕಗಳಿಗಿಂತ ತುಸು ಹೆಚ್ಚು ಅಳಿಸಿದ. ಕೋಡು, ಜೂಲುಗಳನ್ನು ಮುಟ್ಟಲಿಲ್ಲ. ಎರಡೂ ಅಂಕಿಗಳನ್ನು ಬರೆದು ಕಳಿಸಿದ ಮೇಲೆ ಹಣ ಬಂದಿತು, ಶುಲ್ಕದ ಕೊನೆಯ ದಿನಕ್ಕೆ ಎರಡು ದಿನ ಮುಂಚೆ.

ಇದೇ ಕ್ರಮದಿಂದ ಸುರಪುರದ ಹಳೆಯ ಚಿತ್ರಗಳಲ್ಲಿ ಬಂಗಾರದ ಕೆಲಸ ಎಷ್ಟು ಜಾಗ ಹಿಡಿದಿದೆಯೆಂದು ಅಳೆಯಬಹುದೇ ಎಂದು ನನ್ನ ಸಹಪಾಠಿಯೊಬ್ಬಳು ಕೇಳಿದಳು. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಆ ಕಲೆಯಲ್ಲಿ ಬಂಗಾರಕ್ಕೆ ದೊಡ್ಡ ಸ್ಥಾನ. ಅಳೆಯಬಹುದು, ಆದರೆ ಛಾಯಾಚಿತ್ರಕ್ಕೆ ಪದರಗಳಿರುವುದಿಲ್ಲ. ಬಣ್ಣವನ್ನೇ ನೋಡಿ ಆರಿಸೆಂದು ಯಂತ್ರಕ್ಕೆ ಹೇಳಿದರೆ ಬೆಳಕು ಬಿದ್ದ ಕಡೆ ಬಂಗಾರವು ಬಿಳಿಯಾಗಿಯೂ ನೆರಳಿನಲ್ಲಿ ಕಂದಾಗಿಯೂ ಕಾಣುವುದರಿಂದ ಅದು ಅರ್ಧವನ್ನು ಬಿಟ್ಟು, ಪಕ್ಕದ ಹಳದಿ ಸೆರಗನ್ನು ಸೇರಿಸಿಕೊಳ್ಳುತ್ತದೆ. ಬಂಗಾರದ ಅಂಚನ್ನು ಕೈಯಿಂದಲೇ ಗೆರೆ ಎಳೆದು ಆರಿಸಬೇಕು. ಕೈಗೆರೆ ಒಬ್ಬರಿಂದೊಬ್ಬರಿಗೆ ಬೇರೆಯಾಗುವುದರಿಂದ ಇಬ್ಬರು ಪ್ರತ್ಯೇಕವಾಗಿ ಎಳೆದು ಎಣಿಸಿ, ಎರಡು ಅಂಕಿಗಳನ್ನೂ ಅಕ್ಕಪಕ್ಕ ಬರೆದಿಡುವುದು ಒಳ್ಳೆಯದು.