ಡಿಗ್ರಿಯಿಂದ ರೇಡಿಯನ್‌ಗೆ: ಚಂದ್ರನ ವ್ಯಾಸದ ಲೆಕ್ಕ

ಕೋನಗಳನ್ನು ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಅಳೆಯುವುದು ವಾಡಿಕೆ. 1 ಡಿಗ್ರಿಗೆ 60 ಮಿನಿಟು, 1 ಮಿನಿಟಿಗೆ 60 ಸೆಕೆಂಡು. ನಮ್ಮ ಪ್ರಾಚೀನ ಖಗೋಳ ಗ್ರಂಥಗಳಲ್ಲಿ ಇವೇ ಅಂಶ, ಕಲೆ, ವಿಕಲೆ. ಆದರೆ ಭೌತವಿಜ್ಞಾನದ ಅನೇಕ ಸೂತ್ರಗಳಲ್ಲಿ ಕೋನವು ರೇಡಿಯನ್‌ನಲ್ಲೇ ಇರಬೇಕು. ಹೀಗೇಕೆ?

ವೃತ್ತವನ್ನು 360 ಭಾಗ ಮಾಡಿದ್ದು ಮನುಷ್ಯನ ಅನುಕೂಲಕ್ಕೆ. ರೇಡಿಯನ್ ಹಾಗಲ್ಲ, ಅದು ವೃತ್ತದಿಂದಲೇ ಹುಟ್ಟಿದ ಮಾನ. ತ್ರಿಜ್ಯದಷ್ಟೇ ಉದ್ದವಿರುವ ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನ 1 ರೇಡಿಯನ್. ಎಂದರೆ,

ಕೋನ = ಕಂಸದ ಉದ್ದ ÷ ತ್ರಿಜ್ಯ

ಪರಿಧಿಯು ತ್ರಿಜ್ಯದ 2ಪೈ ಪಟ್ಟು ಇರುವುದರಿಂದ 360° = 2ಪೈ ರೇಡಿಯನ್. ಆದ್ದರಿಂದ 1 ರೇಡಿಯನ್ = 57° 17′ 45″, ಅಥವಾ ಸುಮಾರು 2,06,265 ಸೆಕೆಂಡು.

ಈಗ ಒಂದು ಉದಾಹರಣೆ ನೋಡೋಣ. ಚಂದ್ರನ ಸರಾಸರಿ ಕೋನವ್ಯಾಸ 31′ 5″; ಸರಾಸರಿ ದೂರ 3,84,400 ಕಿಮೀ. ಚಂದ್ರನ ವ್ಯಾಸವೆಷ್ಟು?

ಮೊದಲು ಎಲ್ಲವನ್ನೂ ಸೆಕೆಂಡಿಗೆ ತನ್ನಿ:
31 × 60 + 5 = 1865″

ನಂತರ ರೇಡಿಯನ್‌ಗೆ ಪರಿವರ್ತಿಸಿ:
1865 ÷ 2,06,265 = 0.00904

ಕೋನ ಬಹಳ ಚಿಕ್ಕದಾದ್ದರಿಂದ ವ್ಯಾಸವನ್ನೇ ಕಂಸವೆಂದು ಭಾವಿಸಬಹುದು:
0.00904 × 3,84,400 = ಸುಮಾರು 3,475 ಕಿಮೀ

ಚಂದ್ರನ ನಿಜವಾದ ವ್ಯಾಸ 3,474 ಕಿಮೀ!

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. 31′ 5″ ಅನ್ನು 31.5′ ಎಂದು ಬರೆಯುವುದು ಮೊದಲನೆಯದು. 31.5′ ಎಂದರೆ 31′ 30″. ಈ 25″ ವ್ಯತ್ಯಾಸದಿಂದ ಉತ್ತರ ಸುಮಾರು 47 ಕಿಮೀ ಹೆಚ್ಚಾಗುತ್ತದೆ. ಎರಡನೆಯದು, ಕೋನವನ್ನು ಡಿಗ್ರಿಯಲ್ಲೇ (0.518°) ಇಟ್ಟು ಗುಣಿಸುವುದು. ಆಗ ವ್ಯಾಸ ಸುಮಾರು 1,99,000 ಕಿಮೀ ಬರುತ್ತದೆ. ಚಂದ್ರನು ಗುರುಗ್ರಹಕ್ಕಿಂತ ದೊಡ್ಡವನಾಗಿಬಿಡುತ್ತಾನೆ! ಲೆಕ್ಕ ಮುಗಿದ ಮೇಲೆ ಉತ್ತರ ಸಂಭವನೀಯವೇ ಎಂದು ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕು.

ಕಂಸವನ್ನೂ ತ್ರಿಜ್ಯವನ್ನೂ ಒಂದೇ ಮಾನದಲ್ಲಿ ಅಳೆಯುವ ವಿಚಾರ ನಮಗೆ ಹೊಸದಲ್ಲ. ಕ್ರಿ.ಶ. 499ರ ಸುಮಾರಿನ 'ಆರ್ಯಭಟೀಯ'ದ ಜ್ಯಾ ಕೋಷ್ಟಕದಿಂದ ದೊರೆಯುವ ತ್ರಿಜ್ಯ 3438 ಕಲೆ. ಪರಿಧಿಯ 21,600 ಕಲೆಗಳನ್ನು 2ಪೈಯಿಂದ ಭಾಗಿಸಿದರೆ ಬರುವುದೂ ಅದೇ. ಇದು ಕಲೆಗಳಲ್ಲಿ ಹೇಳಿದ 1 ರೇಡಿಯನ್ ಅಲ್ಲದೆ ಮತ್ತೇನು? ಕೋಷ್ಟಕದಲ್ಲಿ 225 ಕಲೆಯ ಕಂಸಕ್ಕೆ ಜ್ಯಾ ಕೂಡ 225. ಚಿಕ್ಕ ಕೋನಗಳಲ್ಲಿ ಕಂಸವೂ ಜ್ಯಾವೂ ಹೆಚ್ಚುಕಡಿಮೆ ಸಮ ಎಂಬುದು ಇದರಿಂದ ಸ್ಪಷ್ಟ.

ಈಗ ನೀವೇ ಪ್ರಯತ್ನಿಸಿ: ಸೂರ್ಯನ ಸರಾಸರಿ ಕೋನವ್ಯಾಸ 31′ 59″, ದೂರ 14.96 ಕೋಟಿ ಕಿಮೀ. ಸೂರ್ಯನ ವ್ಯಾಸವೆಷ್ಟು? (ಉತ್ತರ: ಸುಮಾರು 13.9 ಲಕ್ಷ ಕಿಮೀ)