ಮೇಯುವ ಕುರಿಗಳಿಗೆ ನೊಣ, ಜಂತುಗಳ ಬಾಧೆ: ನೀರಿನ ತೊಟ್ಟಿಯ ಸುತ್ತ ಪಂಚಾಯಿತಿಯ ಹೊಣೆ



2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ಮಳೆಯ ನಂತರ ಮಂದೆಯಲ್ಲಿ ಸಾವು ಕಂಡರೆ ನಾವು ಔಷಧಿಯನ್ನಷ್ಟೇ ನೆನೆಯುತ್ತೇವೆ. ಆದರೆ ಈ ಬಾಧೆಗಳಲ್ಲಿ ಹಲವಕ್ಕೆ ಆಸರೆಯಾಗಿರುವುದು ತೇವ, ಕೆಸರು ಮತ್ತು ನಿಂತ ನೀರು.

1. ನೀಲಿ ನಾಲಿಗೆ ರೋಗ: ಇದು ಮುಖ್ಯವಾಗಿ ಕುರಿಯಿಂದ ಕುರಿಗೆ ನೇರವಾಗಿ ಅಂಟುವುದಿಲ್ಲ, ಕಚ್ಚುವ ಸಣ್ಣ ನೊರಜುಗಳ ಮೂಲಕ ಹರಡುತ್ತದೆ. ಸಗಣಿ, ಹಿಕ್ಕೆ ಬೆರೆತ ಕೆಸರಿನಲ್ಲಿ ನೊರಜು ಹುಟ್ಟಿ, ಮುಸ್ಸಂಜೆ ಮತ್ತು ನಸುಕಿನಲ್ಲಿ ಹೆಚ್ಚು ಕಚ್ಚುತ್ತದೆ. ಜ್ವರ, ಬಾಯಿ ಹುಣ್ಣು, ಮುಖದ ಬಾವು, ಕುಂಟುವಿಕೆ ಇದರ ಲಕ್ಷಣಗಳು.

2. ರಕ್ತ ಹೀರುವ ಜಂತು: ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ. ಸಾವಿರ ಹುಳುಗಳಿದ್ದರೆ ನಷ್ಟ 50 ಮಿ.ಲೀ. ಹಿಕ್ಕೆಯಲ್ಲಿನ ಮೊಟ್ಟೆಯಿಂದ ಹೊರಬಂದ ಮರಿಹುಳು ತೇವದ ಹುಲ್ಲನ್ನೇರಿ ಕುರಿಯ ಹೊಟ್ಟೆ ಸೇರುತ್ತದೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ದವಡೆಯ ಕೆಳಗೆ ನೀರು ತುಂಬುವುದು ಇದರ ಕುರುಹು.

3. ಪಿತ್ತಜನಕಾಂಗದ ಚಪ್ಪಟೆ ಹುಳು: ಇದಕ್ಕೆ ನೀರಿನ ಬಸವನಹುಳು ಆಶ್ರಯ. ಕೆರೆಯಂಚಿನ ಜೌಗು ಹುಲ್ಲನ್ನು ಮೇಯ್ದ ಕುರಿಗೆ ಸೋಂಕು ತಗಲುತ್ತದೆ.

4. ಮೂಗಿನ ನೊಣ: ಇದಕ್ಕೂ ನೀರಿಗೂ ಸಂಬಂಧವಿಲ್ಲ. ಇದು ಮೂಗಿನ ಹೊಳ್ಳೆಯಲ್ಲಿ ಜೀವಂತ ಮರಿಹುಳುಗಳನ್ನು ಬಿಡುತ್ತದೆ. ಕುರಿಗಳು ಮೇವು ಬಿಟ್ಟು ಗುಂಪುಗೂಡಿ ಮೂಗು ಮರೆಸಿಕೊಂಡು ನಿಂತರೆ, ಪದೇ ಪದೇ ಸೀನಿದರೆ ಇದನ್ನು ಶಂಕಿಸಬೇಕು.

ಪಂಚಾಯಿತಿಯಿಂದ ಆಗಬೇಕಾದ ಕೆಲಸಗಳು

ಕುಡಿಯುವ ನೀರಿನ ತೊಟ್ಟಿ ತುಂಬಿ ಹರಿಯದಂತೆ ತೇಲುಚೆಂಡಿನ ವಾಲ್ವ್ ಅಳವಡಿಸುವುದು. ಸುತ್ತ ಇಳಿಜಾರಾಗಿ ಕಲ್ಲುಹಾಸು ಹಾಕಿ, ಚೆಲ್ಲಿದ ನೀರನ್ನು ಇಂಗುಗುಂಡಿಗೆ ಹರಿಸುವುದು. ರೊಪ್ಪದ ಹಿಕ್ಕೆಯನ್ನು ಒಣ ಜಾಗದಲ್ಲಿ ರಾಶಿ ಹಾಕುವಂತೆ ಕುರಿಗಾಹಿಗಳಿಗೆ ತಿಳಿಸುವುದು. ಮಳೆಗಾಲಕ್ಕೆ ಮುನ್ನ ನೀಲಿ ನಾಲಿಗೆ ಲಸಿಕೆಗಾಗಿ ಪಶು ವೈದ್ಯಾಧಿಕಾರಿಗಳೊಂದಿಗೆ ದಿನ ನಿಗದಿಪಡಿಸುವುದು. ವಲಸೆ ಮಂದೆಗಳಿಗೂ ಆ ದಿನವನ್ನು ತಿಳಿಸುವುದು.

ಒಂದೇ ಜಂತುನಾಶಕವನ್ನು ಇಡೀ ಮಂದೆಗೆ ಪದೇ ಪದೇ ಕುಡಿಸಿದರೆ ಹುಳುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಮುಂದೆ ಆ ಔಷಧಿ ನಾಟುವುದಿಲ್ಲ. ಆದುದರಿಂದ ಹಿಕ್ಕೆ ಪರೀಕ್ಷೆ ಮಾಡಿಸಿ, ವೈದ್ಯರು ಸೂಚಿಸಿದ ಪ್ರಮಾಣದಲ್ಲಿಯೇ ಕೊಡಿಸಬೇಕು.

ಕುರಿಮಂದೆಯೇ ಅನೇಕ ಕುಟುಂಬಗಳ ಉಳಿತಾಯದ ಗಂಟು. ಮುಂಗಾರಿಗೆ ಮುಂಚಿನ ಸಾಮಾನ್ಯ ಸಭೆಯಲ್ಲಿಯೇ ತಮ್ಮ ವಾರ್ಡಿನ ತೊಟ್ಟಿಗಳ ಸ್ಥಿತಿಯನ್ನು ಚರ್ಚೆಗೆ ತರಬೇಕೆಂದು ಕೋರಲಾಗಿದೆ.