ನಿಮಗಿದು ಗೊತ್ತೇ? ಜಲ್ಲಿ ತೆಗೆದಾಯಿತು, ಗುಂಡಿಯ ಗತಿಯೇನು?

ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿ ಅಂದಾಜು ಮಾಡಿದೆ. ನೀರು ಬಿಟ್ಟರೆ ನಾವು ಇಷ್ಟು ಪ್ರಮಾಣದಲ್ಲಿ ಬಳಸುವ ವಸ್ತು ಇನ್ನೊಂದಿಲ್ಲ. ಇದರಲ್ಲಿ ಬಹುಪಾಲು ನೆಲದಿಂದಲೋ ನದಿಯಿಂದಲೋ ಅಗೆದು ತಂದದ್ದು. ಅಗೆದ ಜಾಗ ಮುಂದೆ ಏನಾಗಬೇಕು ಎಂಬುದು ಜೆಸಿಬಿ ಒಳಗೆ ಬರುವ ಮುನ್ನವೇ ತೀರ್ಮಾನವಾಗಿರಬೇಕು. ಗಣಿ ಮುಚ್ಚುವ ದಿನ ಯೋಚಿಸಿದರೆ ಮಣ್ಣೂ ಉಳಿದಿರುವುದಿಲ್ಲ, ನೀರಿನ ದಾರಿಯೂ ಕೆಟ್ಟಿರುತ್ತದೆ.

ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಟ್ಟರೆ ಸಾಲದು, ರಾಶಿ ಎತ್ತರವಾಗಿಯೂ ಇರಬಾರದು. ಎರಡು ಮೂರು ಮೀಟರ್ ದಾಟಿದ ಹಳೆಯ ರಾಶಿಯನ್ನು ಸನಿಕೆಯಿಂದ ಕಡಿದು ನೋಡಿ. ಮೇಲೆ ಕಂದು ಬಣ್ಣ, ಬೇರು, ಎರೆಹುಳು. ಒಳಗೆ ಹೋದಂತೆ ಬೂದು ಬಣ್ಣಕ್ಕೆ ತಿರುಗಿದ, ಚರಂಡಿ ವಾಸನೆ ಹೊಡೆಯುವ ಮುದ್ದೆ. ಗಾಳಿಯಾಡದೆ ಮಣ್ಣಿನ ಜೀವ ಹೋಗಿರುತ್ತದೆ. ಮಣ್ಣು ಒದ್ದೆಯಿದ್ದಾಗ ಲಾರಿ ಓಡಿಸಿದರೂ ಅಷ್ಟೇ ನಷ್ಟ. ಒಮ್ಮೆ ಗಟ್ಟಿಯಾದ ನೆಲದೊಳಗೆ ಬೇರಿಳಿಯಲು ವರ್ಷಗಳೇ ಬೇಕು.

ಅಂತರ್ಜಲದ ಮಟ್ಟ ಸಪಾಟಾಗಿರುವುದಿಲ್ಲ, ಹರಿಯುವ ದಿಕ್ಕಿಗೆ ವಾಲಿರುತ್ತದೆ. ಜಲ್ಲಿ ಪದರವನ್ನು ಅಗೆದ ಗುಂಡಿಯಲ್ಲಿ ನೀರು ನಿಂತಿತು ಅನ್ನಿ. ಆ ಕೆರೆಯ ನೀರು ಮಾತ್ರ ಸಪಾಟು. ಹಾಗಾಗಿ ಮೇಲಿನ ದಡದ ಪಕ್ಕ ಅಂತರ್ಜಲ ಮೊದಲಿಗಿಂತ ಇಳಿಯುತ್ತದೆ, ಕೆಳಗಿನ ದಡದ ಪಕ್ಕ ಏರುತ್ತದೆ. ಮೇಲಿನ ರೈತನ ಬಾವಿ ಬತ್ತಿದ್ದಕ್ಕೂ ಕೆಳಗಿನವನ ಹೊಲ ಜೌಗಾದದ್ದಕ್ಕೂ ಕಾರಣ ಅದೇ ಒಂದು ಗುಂಡಿ. ಹರಿವಿನ ದಿಕ್ಕಿನಲ್ಲಿ ಗುಂಡಿ ಉದ್ದವಾದಷ್ಟೂ ಈ ಏರಿಳಿತ ಜಾಸ್ತಿ. ಒಂದೇ ಉದ್ದನೆಯ ಗುಂಡಿಯ ಬದಲು ನಡುನಡುವೆ ನೆಲ ಬಿಟ್ಟು ಚಿಕ್ಕ ಗುಂಡಿಗಳನ್ನು ಅಗೆದರೆ ತೊಂದರೆ ಕಡಿಮೆ. ಇದನ್ನು ಅಗೆಯುವ ಮೊದಲೇ ನಕ್ಷೆಯಲ್ಲಿ ಬರೆಯಬೇಕು, ಆಮೇಲೆ ಯಾರಿಂದಲೂ ತಿದ್ದಲಾಗದು.

ಜಲ್ಲಿ ತೊಳೆದ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದಿಡಿ. ಮರಳು ನೋಡುತ್ತಿದ್ದಂತೆಯೇ ತಳ ಸೇರುತ್ತದೆ, ಮೇಲಿನ ನೀರು ಮಾತ್ರ ಮರುದಿನವೂ ಚಹಾದ ಬಣ್ಣದಲ್ಲೇ ಇರುತ್ತದೆ. ಕಣದ ಗಾತ್ರ ಅರ್ಧವಾದರೆ ಅದು ಮುಳುಗುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. 0.1 ಮಿಲಿಮೀಟರ್‌ನ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಎರಡು ನಿಮಿಷದ ಆಸುಪಾಸು ಸಾಕು. 0.002 ಮಿಲಿಮೀಟರ್‌ನ ಜೇಡಿ ಕಣಕ್ಕೆ ಮೂರು ದಿನಕ್ಕೂ ಹೆಚ್ಚು ಬೇಕು. ತೊಳೆದ ನೀರನ್ನು ಒಂದು ಸಣ್ಣ ಗುಂಡಿ ದಾಟಿಸಿ ಹಳ್ಳಕ್ಕೆ ಬಿಟ್ಟರೆ ಮೀನು ಮೊಟ್ಟೆಯಿಡುವ ಕಲ್ಲುಗಳ ಮೇಲೆ ಹೂಳು ಕೂರುವುದು ಇದರಿಂದಲೇ. ಸಾಲಾಗಿ ಎರಡು ಮೂರು ದೊಡ್ಡ ಹೊಂಡ ಕಟ್ಟಿ, ತಿಳಿಯಾದ ನೀರನ್ನು ಮತ್ತೆ ತೊಳೆಯಲು ತಿರುಗಿಸಿಕೊಳ್ಳುವುದೇ ಸರಿಯಾದ ದಾರಿ.

ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಕಣಿವೆಯಲ್ಲಿ ಜಲ್ಲಿಯ ಪದರವೇ ಊರಿನ ಅಂತರ್ಜಲದ ಉಗ್ರಾಣವೂ ಹೌದು. ಜಲ್ಲಿ ತೆಗೆದರೆ ಉಗ್ರಾಣವೇ ಖಾಲಿ. ಅಲಮೀಡಾ ಕೌಂಟಿ 1981ರಲ್ಲೇ ಇದಕ್ಕೊಂದು ಯೋಜನೆ ಮಾಡಿತು. ಗಣಿ ಕಂಪನಿಗಳು ಅಗೆದು ಮುಗಿಸಿದ ಗುಂಡಿಗಳನ್ನು ಒಂದಕ್ಕೊಂದು ಜೋಡಿಸಿದ ಕೆರೆಗಳ ಸರಣಿಯಾಗಿ ರೂಪಿಸಿ ಸ್ಥಳೀಯ ಜಲಮಂಡಳಿಗೆ ಒಪ್ಪಿಸಬೇಕು. ಕೆಲವು ಕೆರೆಗಳು ಈಗಾಗಲೇ ಮಂಡಳಿಯ ಕೈ ಸೇರಿವೆ, ಅಲ್ಲಿಂದ ನೀರು ನೆಲಕ್ಕೆ ಇಂಗುತ್ತಿದೆ. ಒಂದು ಊರು ಇಷ್ಟು ಮುಂದೆ ನೋಡಿ ಯೋಚಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ವಿಷಯ.

ಇಂಗ್ಲೆಂಡಿನ ಥೇಮ್ಸ್ ನದಿಯ ಮೇಲ್ಕಣಿವೆಯಲ್ಲಿರುವ ಕಾಟ್ಸ್‌ವಲ್ಡ್ ವಾಟರ್ ಪಾರ್ಕ್ ಹುಟ್ಟಿದ್ದೇ ಜಲ್ಲಿ ಗುಂಡಿಗಳಿಂದ. ಈಗ ಅಲ್ಲಿ 180ಕ್ಕೂ ಹೆಚ್ಚು ಕೆರೆಗಳಿವೆ. 2021ರಲ್ಲಿ ಅದಕ್ಕೆ ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂಬ ರಕ್ಷಣೆ ಸಿಕ್ಕಿತು.

ಆದರೆ ವಿಮಾನ ನಿಲ್ದಾಣದ ಹತ್ತಿರ ಇಂಥ ಕೆರೆ ಮಾಡುವುದು ಅಷ್ಟು ಸುಲಭವಲ್ಲ, ಕೆರೆಗೆ ಬರುವ ಹಕ್ಕಿಗಳು ವಿಮಾನಕ್ಕೆ ಬಡಿಯುವ ಅಪಾಯವಿದೆ. ಬ್ರಿಟನ್ನಿನಲ್ಲಿ ಗೊತ್ತುಪಡಿಸಿದ ನಿಲ್ದಾಣಗಳಿಂದ 13 ಕಿಲೋಮೀಟರ್ ವ್ಯಾಪ್ತಿಯೊಳಗೆ ಹಕ್ಕಿಗಳನ್ನು ಸೆಳೆಯುವ ಯೋಜನೆಗಳ ಬಗ್ಗೆ ನಿಲ್ದಾಣದವರ ಅಭಿಪ್ರಾಯ ಕೇಳಲೇಬೇಕು.

ನಮ್ಮ ಕಡೆ ಜಲ್ಲಿ ಸಿಗುವುದು ಹೆಚ್ಚಾಗಿ ಬಂಡೆ ಒಡೆದು. ಬೆಂಗಳೂರಿನ ಉತ್ತರಕ್ಕಿರುವ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳು ನಗರದ ಕಸಕ್ಕೆ ಜಾಗವಾದವು. ಬಂಡೆ ಗಟ್ಟಿ ನಿಜ, ಅದರ ಬಿರುಕುಗಳೇ ನಮ್ಮ ಬೋರ್‌ವೆಲ್‌ಗಳಿಗೆ ನೀರು ತರುವ ದಾರಿ ಎಂಬುದೂ ನಿಜ. ಕಸದ ರಸಕ್ಕೂ ಅದೇ ದಾರಿ. ಇತ್ತ 2017ರ ಬರದಲ್ಲಿ ಚೆನ್ನೈ ನಗರ, ಸಿಕ್ಕರಾಯಪುರಂನ ಹಳೆಯ ಕಲ್ಲು ಕ್ವಾರಿಗಳಲ್ಲಿ ನಿಂತ ಮಳೆನೀರನ್ನು ಚೆಂಬರಂಬಾಕ್ಕಂ ಘಟಕದಲ್ಲಿ ಶುದ್ಧೀಕರಿಸಿ ಕುಡಿಯಿತು. ಎರಡೂ ಕ್ವಾರಿಯೇ. ಒಂದಕ್ಕೆ ಕಸ ಬಿತ್ತು, ಇನ್ನೊಂದರಲ್ಲಿ ನೀರು ಉಳಿಯಿತು.

ಕ್ವಾರಿ ಹೊಂಡದಲ್ಲಿ ಈಜು ಬಲ್ಲವರೂ ಮುಳುಗುತ್ತಾರೆ. ಕಾರಣ ಅಂಚು. ಕೆರೆಯಲ್ಲಿ ಆಳ ನಿಧಾನವಾಗಿ ಹೆಚ್ಚುತ್ತದೆ, ಕ್ವಾರಿಯಲ್ಲಿ ಒಂದೇ ಹೆಜ್ಜೆಗೆ ನೆಲ ತಪ್ಪುತ್ತದೆ, ಹಿಡಿದು ಮೇಲೆ ಹತ್ತಲು ಏನೂ ಇರುವುದಿಲ್ಲ. ಮೇಲೆ ಬಿಸಿ ನೀರು, ಕೆಳಗೆ ಕೊರೆಯುವ ತಣ್ಣೀರು. ದಡವನ್ನು ಇಳಿಜಾರು ಮಾಡುವುದು ಯಂತ್ರಗಳು ಸ್ಥಳದಲ್ಲಿರುವಾಗ ಕೆಲವೇ ದಿನಗಳ ಕೆಲಸ. ಅದನ್ನು ಮಾಡದೆ ಹೋಗುವವರನ್ನು ಬಿಡಬಾರದು.

2020ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್, ಗಣಿ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವುದನ್ನು ಗುತ್ತಿಗೆಯ ಷರತ್ತಾಗಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು.

ಖರ್ಚು ಯಾರದು? ಕ್ಯಾಲಿಫೋರ್ನಿಯಾದಲ್ಲಿ 1975ರ ಕಾಯ್ದೆಯ ಪ್ರಕಾರ ಪುನಶ್ಚೇತನದ ಯೋಜನೆಗೆ ಒಪ್ಪಿಗೆ ಸಿಗದೆ ಗಣಿ ನಡೆಸುವಂತಿಲ್ಲ. ಜೊತೆಗೆ ಆ ಕೆಲಸಕ್ಕೆ ತಗಲುವ ಹಣಕ್ಕೆ ಮುಂಗಡ ಭದ್ರತೆ ಕೊಡಬೇಕು, ಆ ಲೆಕ್ಕವನ್ನು ಪ್ರತಿ ವರ್ಷ ಪರಿಶೀಲಿಸಲಾಗುತ್ತದೆ. ಕಂಪನಿ ಕೈಯೆತ್ತಿದರೆ ಸರ್ಕಾರ ಆ ಹಣದಲ್ಲೇ ಗುಂಡಿ ಸರಿಪಡಿಸುತ್ತದೆ.